ದಂಡೆಯಲ್ಲಿ ಜನ ನಿಂತಿರುವಾಗ

ಮಣ್ಣೆತ್ತಿನ ಅಮಾವಾಸ್ಯೆಯ ದಿನ ನಾನು ಮೊದಲ ಸಲ ಮನೆ ಬಿಟ್ಟು ನಡೆದೆ. ಆಗ ಆರನೆಯ ಇಯತ್ತೆ. ಕುಂಬಾರರ ಮನೆಯಿಂದ ಮಣ್ಣೆತ್ತು ತರಲು ಕಳಿಸಿದ್ದರು. ಕುಂಬಾರರ ಮನೆ ಬಂತು, ಹೋಯಿತು. ಊರ ಅಗಸಿಬಾಗಿಲೂ ಬಂತು, ಹೋಯಿತು. ಡಾಂಬರು ರಸ್ತೆಯಲ್ಲಿ ಒಂದು ಲಾರಿ ನಿಂತಿತ್ತು, ಹತ್ತಿದೆ. ಮನೆಯಲ್ಲಿ ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ಕಾಲು ನಿಲ್ಲಲಿಲ್ಲ, ಅಷ್ಟೆ. ಶಾಲೆ ಅಲ್ಲಿಗೆ ಮುಗಿಯಿತು. ಆಮೇಲೆ ಲಾರಿ ತೊಳೆದೆ, ಖಾನಾವಳಿಯಲ್ಲಿ ರೊಟ್ಟಿ ಬಡಿದೆ, ಕಬ್ಬು ಕಡಿಯುವವರ ಗುಂಪಿನ ಜೊತೆ ಎರಡು ಹಂಗಾಮು ತಿರುಗಿದೆ. ಯಾವ ಊರಿನಲ್ಲಿಯೂ ವರ್ಷ ತುಂಬಲಿಲ್ಲ.

ಆ ಊರುಗಳ ಸುದ್ದಿ ಇಲ್ಲಿ ಬೇಡ. ಎಸ್ತರ್ ಅಕ್ಕೋರಿಗೆ ನಾನು ಒಂದು ಪ್ರಶ್ನೆ ಕೇಳಿದೆ, ಅವರು ಒಂದು ಕತೆ ಹೇಳಿದರು. ಹೇಳಬೇಕಾದದ್ದು ಅದು.

ಪ್ರಶ್ನೆ ಇದು: "ಅಕ್ಕೋರ, ಹೇಳಿದ್ದಕ್ಕೆಲ್ಲಾ ಹೂಂ ಅಂತಾರ, ಹೇಳಿದ್ದು ಒಂದೂ ಮಾಡೂದಿಲ್ಲ. ಅಂಥಾವ್ರಿಗೆ ಹೆಂಗ ಹೇಳಬೇಕ್ರೀ?"

ಎಸ್ತರ್ ಅಕ್ಕೋರು ಹನ್ನೆರಡು ಮಂಚಗಳ ಒಂದು ಧರ್ಮಾಸ್ಪತ್ರೆಯ ಹಿರಿಯ ನರ್ಸು. ಎಪ್ಪತ್ತರ ಹತ್ತಿರದ ವಯಸ್ಸು. ಅಲ್ಲಿ ಕೆಲಸ ಮಾಡುವ ಎಲ್ಲರಿಗೂ ಕೆಲಸ ಕಲಿಸಿದವರು ಅವರೇ. ಅದಕ್ಕೇ ಶಾಲೆಯ ಟೀಚರಿಗೆ ಅನ್ನುವ ಹಾಗೆ ಎಲ್ಲರೂ ಅಕ್ಕೋರು ಎನ್ನುತ್ತಿದ್ದೆವು. ನಾನು ಅಲ್ಲಿಗೆ ನೀರು ಹೊರಲು ಸೇರಿದವನು. ಒಂದು ದಿನ ನಾನು ಕೊಡಪಾನಕ್ಕೆ ಹಗ್ಗ ಬಿಗಿಯುವುದನ್ನು ಅವರು ನೋಡಿದರು.

"ಈ ಗಂಟು ಎಲ್ಲಿ ಕಲ್ತಿ?"

"ಲಾರಿ ತಾಡಪತ್ರಿ ಕಟ್ಟಿ ಕಟ್ಟಿ ಬಂತ್ರೀ."

"ನೀರು ಹೊರೂದು ಬಿಡು. ನಾಳಿಂದ ಗಾಯಕ್ಕ ಪಟ್ಟಿ ಕಟ್ಟು."

ಹಾಗೆ ನಾನು ಪಟ್ಟಿ ಕಟ್ಟುವವನಾದೆ. ಗಾಯ ತೊಳೆಯುವುದು, ಮುಲಾಮು ಹಚ್ಚುವುದು, ಕಟ್ಟುವುದು, ಮನೆಗೆ ಹೋಗಿ ಏನು ಮಾಡಬೇಕು ಎಂದು ಹೇಳುವುದು. ಮೊದಲಿನ ಮೂರು ಕೆಲಸ ಬೇಗ ಬಂದವು. ನಾಲ್ಕನೆಯದೂ ಬಂದಿದೆ ಎಂದೇ ತಿಳಿದಿದ್ದೆ.

ಹುಲಿಗೆವ್ವ ಸುಣ್ಣದ ಭಟ್ಟಿಯ ಕೂಲಿಯವಳು. ಸುಟ್ಟ ಕಲ್ಲಿಗೆ ನೀರು ಸುರಿಯುವಾಗ ಸುಣ್ಣ ಸಿಡಿದು ಅವಳ ಎಡ ಹಿಮ್ಮಡಿ ಸುಟ್ಟಿತ್ತು. ವಾರಕ್ಕೆರಡು ಸಲ ಬರುವ ಡಾಕ್ಟರು ನೋಡಿ, ಗಾಯ ಸ್ವಚ್ಛವಾಗಿದ್ದರೆ ಮಾಯುತ್ತದೆ, ಕೊಳೆತರೆ ಪಾದ ಉಳಿಯುವುದಿಲ್ಲ ಎಂದಿದ್ದರು. ನಾನು ಅವಳಿಗೆ ಹೇಳಿದೆ: "ಪಟ್ಟಿ ತೋಯಿಸಬ್ಯಾಡ. ಬಿಚ್ಚಬ್ಯಾಡ. ಭಟ್ಟಿಗೆ ಹೋಗಬ್ಯಾಡ. ದಿನಾ ಬಂದು ಕಟ್ಟಿಸ್ಕೊಂಡು ಹೋಗು." ಅವಳು "ಹೂಂ ತಮ್ಮಾ" ಎಂದಳು. ಇನ್ನೊಮ್ಮೆ ಹೇಳಿದೆ. ಇನ್ನೊಮ್ಮೆ ಹೂಂ ಎಂದಳು.

ಬಂದದ್ದು ಐದನೆಯ ದಿನ. ಪಟ್ಟಿ ತೋಯ್ದು ಕಪ್ಪಾಗಿತ್ತು. ಅದರ ಅಂಚಿಗೆ ಸುಣ್ಣದ ಪುಡಿ ಮೆತ್ತಿತ್ತು. ಬಿಚ್ಚಿದರೆ ವಾಸನೆ. ಪಡಸಾಲೆಯ ತುಂಬ ಜನ ಕೂತಿದ್ದರು. ನಾನು ಕೂಗಿದೆ: "ಏನಬೇ, ಕಿವ್ಯಾಗೂ ಸುಣ್ಣ ತುಂಬಿಕೊಂಡಿ ಏನು? ಎಷ್ಟು ಸಲ ಹೇಳೀನಿ ನಿನಗ?" ಜನ ನಕ್ಕರು. ನಾನೂ ಸ್ವಲ್ಪ ನಕ್ಕೆ.

ಹುಲಿಗೆವ್ವ ನಗಲಿಲ್ಲ, ಅಳಲಿಲ್ಲ. ಅರ್ಧ ತೊಳೆದಿದ್ದ ಕಾಲನ್ನು ನನ್ನ ಕೈಯಿಂದ ಎಳೆದುಕೊಂಡಳು. ಅದೇ ಹಳೆಯ ಪಟ್ಟಿಯನ್ನು ತಾನೇ ಸುತ್ತಿಕೊಂಡಳು. "ನಿನ್ನ ಪಟ್ಟಿ ನಿನ್ನ ಹತ್ರಾನ ಇರಲಿ ತಮ್ಮಾ" ಎಂದು ಎದ್ದು, ಗೋಡೆ ಹಿಡಿದು ನಡೆದು ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ನನ್ನ ತಪ್ಪು ನನಗೆ ಕಾಣಲಿಲ್ಲ. ಹೇಳಬೇಕಾದದ್ದನ್ನು ಹೇಳಿದ್ದೆ, ಎರಡೆರಡು ಸಲ ಹೇಳಿದ್ದೆ. ಕೇಳದವಳು ಅವಳು. ಮೂರನೆಯ ದಿನ ಮಧ್ಯಾಹ್ನ ಅಕ್ಕೋರ ಮುಂದೆ ಹೋಗಿ ಕೂತೆ. ಅವರು ಒಗೆದು ಒಣಗಿಸಿದ ಪಟ್ಟಿಗಳನ್ನು ಸುರುಳಿ ಸುತ್ತುತ್ತಿದ್ದರು. ಆಗ ಕೇಳಿದ್ದು ಆ ಪ್ರಶ್ನೆ.

ಅಕ್ಕೋರು ತಲೆ ಎತ್ತಲಿಲ್ಲ. "ಒಂದು ತುದಿ ಹಿಡಿ" ಎಂದರು. ನಾನು ಪಟ್ಟಿಯ ತುದಿ ಹಿಡಿದೆ. ಅವರು ಸುತ್ತುತ್ತ ಕತೆ ಹೇಳಿದರು.

ಒಂದು ಹೊಳೆ. ಹೊಳೆಯ ಈಚೆ ಒಂದು ಸಣ್ಣ ಆಸ್ಪತ್ರೆ. ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು, ಒಬ್ಬ ನರ್ಸು. ಹೊಳೆಯಲ್ಲಿ ಒಬ್ಬ ಅಂಬಿಗ. ಅಲ್ಲಿ ಸೇತುವೆ ಇರಲಿಲ್ಲ. ಆಚೆಯವರು ಈಚೆ ಬರಬೇಕಾದರೆ, ಈಚೆಯವರು ಆಚೆ ಹೋಗಬೇಕಾದರೆ, ಅವನ ಹರಿಗೋಲೇ ಗತಿ.

ಒಂದು ದಿನ ಹುಟ್ಟಿನ ಬಿದಿರು ಸೀಳಿ, ಅದರ ಸಿಬಿರು ಅಂಬಿಗನ ಬಲ ಅಂಗೈಯಲ್ಲಿ ಹೊಕ್ಕಿತು. ಅವನು ಅದನ್ನು ಲೆಕ್ಕಿಸಲಿಲ್ಲ. ಕೈ ಬಾತಿತು, ಕೀವು ತುಂಬಿತು. ಆಸ್ಪತ್ರೆಗೆ ಬಂದ. ಡಾಕ್ಟರು ಕೊಯ್ದು ಕೀವು ತೆಗೆದರು. ಏಳು ದಿನಕ್ಕೆ ಇಪ್ಪತ್ತೊಂದು ಗುಳಿಗೆ ಬರೆದರು. ಗುಳಿಗೆ ಕೊಟ್ಟು ಹೇಳುವುದು ನರ್ಸಿನ ಕೆಲಸ.

ಆ ನರ್ಸು ಚೆನ್ನಾಗಿ ಹೇಳುವವಳು. ದನಿ ಸ್ಪಷ್ಟ, ಮಾತು ನೇರ. ಗುಳಿಗೆಯ ಪೊಟ್ಟಣ ಅವನ ಎಡಗೈಯಲ್ಲಿಟ್ಟು ಹೇಳಿದಳು: "ಊಟ ಆದ ಮ್ಯಾಲ ಒಂದೊಂದು ಗುಳಿಗಿ. ಗಾಯಕ್ಕ ನೀರು ತಾಕಬಾರದು. ಎಂಟನೇ ದಿನಕ್ಕ ಬಾ." ಅವನು "ಹೂಂನ್ರೆವ್ವಾ" ಎಂದ. ಆಕೆ ಎರಡನೆಯ ಸಲ ಹೇಳಿದಳು. ಅವನು ಎರಡನೆಯ ಸಲ ಹೂಂ ಎಂದ. ಅವನ ಹಿಂದೆ ನಲವತ್ತು ಜನ ನಿಂತಿದ್ದರು. ಆಕೆ ಮುಂದಿನವರನ್ನು ಕರೆದಳು.

ಅಂಬಿಗ ಹೇಳಿದ್ದನ್ನೆಲ್ಲ ಮಾಡಿದ. ಗಾಯಕ್ಕೆ ನೀರು ತಾಕಬಾರದು ಎಂದಿದ್ದರು. ಬಲಗೈಗೆ ನೀರು ಇಳಿಯದ ಮೇಣಗಾಪಡ ಸುತ್ತಿ ಎದೆಗೆ ಕಟ್ಟಿಕೊಂಡ. ಹುಟ್ಟನ್ನು ಎಡ ಕಂಕುಳಲ್ಲಿ ಒತ್ತಿ ಹಿಡಿದು ಒಂದೇ ಕೈಯಲ್ಲಿ ಹಾಕಿದ. ನೀರಿನ ಮೇಲೆ ಬದುಕುವವನು ಏಳು ದಿನ ಒಂದು ಹನಿಯನ್ನೂ ಗಾಯಕ್ಕೆ ತಾಗಿಸಲಿಲ್ಲ. ಎಂಟನೆಯ ದಿನ ಬಾ ಎಂದಿದ್ದರು. ಎಂಟನೆಯ ದಿನ ಬಂದ.

ಪಟ್ಟಿ ಬಿಚ್ಚಿದರೆ ಕೆಂಪು ಮಣಿಕಟ್ಟು ದಾಟಿ ಮೇಲಕ್ಕೆ ಹೋಗಿತ್ತು. ನರ್ಸು ಪೊಟ್ಟಣ ಬಿಚ್ಚಿದಳು. ಹದಿನಾಲ್ಕು ಗುಳಿಗೆ ಹಾಗೇ ಇದ್ದವು.

"ಗುಳಿಗಿ ಯಾಕ ನುಂಗಿಲ್ಲ?"

"ನುಂಗೀನ್ರೆವ್ವಾ. ನೀವು ಹೇಳಿದಂಗ ನುಂಗೀನಿ."

"ನುಂಗಿದ್ರ ಇವೆಲ್ಲಾ ಎಲ್ಲಿಂದ ಬಂದ್ವು? ರಾತ್ರ್ಯಾಗ ಮರಿ ಹಾಕಿದ್ವೇನು?"

ಸಾಲಿನಲ್ಲಿದ್ದವರು ನಕ್ಕರು.

"ಸುಳ್ಳು ಹೇಳ್ತೀಯಲ್ಲೋ, ನಾಚಿಕಿ ಬರೂದಿಲ್ಲ ನಿನಗ?"

ಅಂಬಿಗ ತಲೆ ತಗ್ಗಿಸಿದ. ಆ ಊರಿನಲ್ಲಿ ಅವನಿಗೆ ಯಾರೂ ಸುಳ್ಳ ಎಂದಿರಲಿಲ್ಲ. ಬಸುರಿಯರು, ಕೂಸುಗಳು, ಮದುವೆಯ ದಿಬ್ಬಣ, ಎಲ್ಲರೂ ಅವನನ್ನು ನಂಬಿ ನೀರಿನ ಮೇಲೆ ಕೂರುತ್ತಿದ್ದರು.

ಡಾಕ್ಟರು ಬಂದು ನೋಡಿದರು. ಪೆನ್ನು ತೆಗೆದು, ಕೆಂಪು ನಿಂತ ಕಡೆ ಮುಂಗೈ ಸುತ್ತ ಒಂದು ಗೆರೆ ಎಳೆದರು. "ಇಲ್ಲೇ ಇದ್ದುಬಿಡು" ಎಂದರು. ಅವನು ಒಲ್ಲೆನೆಂದು ತಲೆ ಅಲ್ಲಾಡಿಸಿದ. ಅವನು ಇಲ್ಲಿ ಮಲಗಿದರೆ ಹರಿಗೋಲು ದಂಡೆಯಲ್ಲಿ ಮಲಗುತ್ತದೆ. ಡಾಕ್ಟರು ಬೇರೆ ಗುಳಿಗೆ ಬರೆದರು, ಇನ್ನೂ ಜೋರಿನವು. ಚೀಟಿಯಲ್ಲಿ ಇವೂ ದಿನಕ್ಕೆ ಮೂರು. "ಮೂರು ದಿನ ನೋಡೂಣು. ಕೆಂಪು ಮೊಣಕೈ ದಾಟಿದ್ರ ದೊಡ್ಡ ಊರಿಗೆ ಕಳಿಸಬೇಕಾಗತೈತಿ. ಅಲ್ಲಿ ತೋಳು ತಗೀತಾರ" ಎಂದು ನರ್ಸಿಗೆ ಹೇಳಿ ಒಳಗೆ ಹೋದರು.

ನರ್ಸು ಕೆಟ್ಟವಳಲ್ಲ. ತೋಳು ಹೋದ ಅಂಬಿಗ ಏನಾಗುತ್ತಾನೆ ಎಂದು ಆಕೆಗೆ ಗೊತ್ತಿತ್ತು. ಅವನನ್ನು ಉಳಿಸಲೇಬೇಕು ಎಂದುಕೊಂಡಳು. ಆದ್ದರಿಂದ ಅದೇ ಮಾತನ್ನು ಇನ್ನೂ ಜೋರಾಗಿ ಹೇಳಿದಳು. ಬೆರಳು ಅವನ ಮೂಗಿನ ಮುಂದೆ ಹಿಡಿದು ಹೇಳಿದಳು. "ಊಟ ಆದ ಮ್ಯಾಲ ಒಂದು! ತಿಳೀತೇನು? ಊಟ ಆದ ಮ್ಯಾಲ ಒಂದು!"

"ಹೂಂನ್ರೆವ್ವಾ" ಎಂದ ಅಂಬಿಗ.

ಇಲ್ಲಿ ನಾನು ಬಾಯಿ ಹಾಕಿದೆ. "ದಡ್ಡ ಅದಾನ ನೋಡ್ರಿ ಅಕ್ಕೋರ. ತೋಳು ಹೋಗತೈತಿ ಅಂದ್ರೂ ಗುಳಿಗಿ ನುಂಗೂದಿಲ್ಲಂದ್ರ ಏನನ್ನೂದು?"

ಅಕ್ಕೋರು ಸುರುಳಿ ಮುಗಿಸಿ ಬುಟ್ಟಿಗೆ ಹಾಕಿದರು. ಇನ್ನೊಂದು ಪಟ್ಟಿಯ ತುದಿ ನನ್ನ ಕೈಗೆ ಕೊಟ್ಟರು. "ಹೊಳಿ ದಾಟಿಸೂ ಮುಂದ ಅವ ದಡ್ಡ ಇರಲಿಲ್ಲ" ಎಂದರು. ಕತೆ ಮುಂದುವರಿಸಿದರು.

ಅದರ ಮೂರನೆಯ ದಿನ ನರ್ಸಿಗೆ ಹೊಳೆಯ ಆಚೆಯ ಹಳ್ಳಿಯಲ್ಲಿ ಕೂಸುಗಳಿಗೆ ಲಸಿಕೆ ಹಾಕುವ ಕೆಲಸ ಬಂತು. ಮುಂಜಾನೆ ದಂಡೆಗೆ ಬಂದಳು. ಅಂಬಿಗ ಹರಿಗೋಲಿನ ಪಕ್ಕದಲ್ಲಿ ನಿಂತಿದ್ದ. "ಬರ್ರೆವ್ವಾ" ಎಂದು ಎಡಗೈ ಚಾಚಿದ. ಆಕೆ ಆ ಕೈ ಹಿಡಿದು ಹತ್ತಿದಳು. ಅವನು ಒಂದೇ ಕೈಯಲ್ಲಿ ಹುಟ್ಟು ಹಾಕುವುದನ್ನು ನೋಡಿದಳು. ಏನೂ ಕೇಳಲಿಲ್ಲ. ಆಕೆಗೆ ಇನ್ನೂ ಸಿಟ್ಟಿತ್ತು.

ಕೆಲಸ ಮುಗಿಸಿ ದಂಡೆಗೆ ಮರಳಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಹರಿಗೋಲು ಆ ಬದಿಯಲ್ಲೇ ಇತ್ತು. ಆಕೆಯನ್ನೂ ಸೇರಿಸಿ ನಾಲ್ಕು ಜನ ಆದರು. ಇನ್ನಿಬ್ಬರು ದೂರದ ಹೊಲದಿಂದ ಬರುತ್ತಿದ್ದರು. ಅವರು ಬರುವ ತನಕ ಕಾಯಬೇಕು. ನರ್ಸು ಜಾಲಿಯ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಯ. ಎಷ್ಟಾದರೂ ಎದುರಿಗೆ ಒಬ್ಬ ಮನುಷ್ಯ ನಿಂತಿದ್ದಾನೆ. ಒಂದು ರೊಟ್ಟಿ ಮುರಿದು ಅವನ ಕಡೆ ಚಾಚಿದಳು.

"ಬಾ, ಒಂದು ತುತ್ತು ತಿನ್ನು."

"ಒಲ್ಲೆನ್ರೆವ್ವಾ. ನೀವು ಉಣ್ರಿ."

"ಯಾಕ? ಬೈದೀನಂತ ಸಿಟ್ಟೇನು? ನಮ್ಮನಿ ರೊಟ್ಟಿ ನಡಿಯೂದಿಲ್ಲೇನು?"

ಕೋಳಿಬುಟ್ಟಿ ಹೊತ್ತು ಬಂದಿದ್ದ ಒಬ್ಬ ಮುದುಕಿ ನಕ್ಕುಬಿಟ್ಟಳು. "ಅವ ಹೆಂಗ ಉಂಡಾನವ್ವಾ ನರ್ಸಮ್ಮಾ! ದಂಡಿ ಮ್ಯಾಲ ಮಂದಿ ನಿಂತಾಗ ಅಂಬಿಗ ಉಣ್ಣೂದಿಲ್ಲ. ಇವರಪ್ಪ ಉಣ್ಣಲಿಲ್ಲ, ಇವರಜ್ಜ ಉಣ್ಣಲಿಲ್ಲ. ಹರಗೋಲ ಕಟ್ಟಿ, ಮನ್ಯಾಗ ದೀಪ ಹಚ್ಚಿದ ಮ್ಯಾಲ ಇವನ ಊಟ. ಮೂರು ವರ್ಷಾತು ಈ ಊರಿಗೆ ಬಂದು, ಇಷ್ಟೂ ಗೊತ್ತಿಲ್ಲೇನ ನಿನಗ?"

ನರ್ಸಿನ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು.

"ದಿನಕ್ಕ ಎಷ್ಟು ಸಲ ಉಣ್ತೀ?"

"ಒಂದ ಸಲ್ರೆವ್ವಾ."

"ಗುಳಿಗಿ ಎಷ್ಟು ನುಂಗ್ತೀ?"

"ಒಂದ. ಊಟ ಆದ ಮ್ಯಾಲ ಒಂದು ಅಂತ ನೀವ ಹೇಳಿದ್ರೆಲ್ಲ."

ಆಕೆ ಲೆಕ್ಕ ಹಾಕಿದಳು. ಏಳು ದಿನ, ಏಳು ಊಟ, ಏಳು ಗುಳಿಗೆ. ಅವನು ಒಂದನ್ನೂ ತಪ್ಪಿಸಿರಲಿಲ್ಲ.

"ಅವತ್ತು ನಾ ಬೈದಾಗ ಯಾಕ ಇದನ್ನ ಹೇಳಲಿಲ್ಲ?"

ಅಂಬಿಗ ಹೊಳೆಯ ಕಡೆ ನೋಡಿದ. "ನುಂಗೀನಿ ಅಂತ ಹೇಳಿದ್ನೆಲ್ರೆವ್ವಾ. ನೀವು ಸುಳ್ಳು ಅಂದ್ರಿ. ಸುಳ್ಳ ಅನಿಸಿಕೊಂಡಾವ ಆಮ್ಯಾಲೆ ಏನು ಹೇಳಿದ್ರೂ ಯಾರು ಕೇಳ್ತಾರ?"

ಆಕೆ ರೊಟ್ಟಿ ಕೆಳಗಿಟ್ಟಳು. ಅವನ ಕೈಯ ಪಟ್ಟಿ ಸರಿಸಿ ನೋಡಿದಳು. ಕೆಂಪು ಡಾಕ್ಟರ ಗೆರೆ ದಾಟಿತ್ತು. ಮೊಣಕೈಗೆ ಇನ್ನು ಮೂರು ಬೆರಳು ಇತ್ತು.

ಆಕೆ ಹೇಳಲು ಬಾಯಿ ತೆರೆದಳು. ಇವತ್ತಿನಿಂದ ಮೂರು ಹೊತ್ತು ಉಣ್ಣು, ಮೂರು ಗುಳಿಗೆ ನುಂಗು, ನಿನ್ನ ನೇಮ ಕಟ್ಟಿಡು ಎಂದು ಹೇಳುವವಳಿದ್ದಳು. ಮಾತು ಸರಿಯಾಗಿಯೇ ಇತ್ತು. ಆದರೆ ಅವನ ಮುಖ ನೋಡಿದಳು. ಆಕೆ ಇನ್ನೂ ಏನೂ ಹೇಳಿರಲಿಲ್ಲ, ಅವನ ಗಂಟಲಲ್ಲಿ ಹೂಂ ಸಿದ್ಧವಾಗಿ ಕೂತಿತ್ತು. ಆಕೆ ಬಾಯಿ ಮುಚ್ಚಿದಳು.

ದಂಡೆಗೆ ಎಳೆದಿದ್ದ ಹರಿಗೋಲಿನ ಅಂಚಿಗೆ ಹೋಗಿ ಕೂತಳು. ಅವನನ್ನೂ ಎದುರಿಗೆ ಕೂರಿಸಿದಳು. ಅಲ್ಲಿಯವರೆಗೆ ಆಕೆ ಅವನ ಜೊತೆ ಕೂತು ಮಾತಾಡಿರಲಿಲ್ಲ.

"ನಾ ತಪ್ಪು ಮಾಡಿದೆ. ನೀ ಸುಳ್ಳು ಹೇಳಿರಲಿಲ್ಲ" ಎಂದಳು. ದಂಡೆಯಲ್ಲಿದ್ದವರ ಮುಂದೆಯೇ ಹೇಳಿದಳು. "ಈಗ ಕೇಳು. ಈ ಗುಳಿಗಿ ದಿನಕ್ಕ ಮೂರು ಸಲ ಹೊಟ್ಟಿಗೆ ಹೋಗಬೇಕು. ಬರೇ ಹೊಟ್ಟಿಗೆ ಹೋದ್ರ ಸಂಕಟ ಆಗತೈತಿ, ಏನರ ಇರಬೇಕು. ಹೋಗಲಿಲ್ಲಂದ್ರ ತೋಳು ಉಳಿಯೂದಿಲ್ಲ. ನಿನ್ನ ನೇಮಾನೂ ಐತಿ. ಹೆಂಗ ಮಾಡೂಣು, ನೀನ ಹೇಳು."

ಅಂಬಿಗ ಹುಟ್ಟನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡ. ಅವನಿಗೆ ಆ ಆಸ್ಪತ್ರೆಯವರು ಯಾರೂ ಹೀಗೆ ಕೇಳಿರಲಿಲ್ಲ. ಹೊಲದಿಂದ ಬರುತ್ತಿದ್ದ ಇಬ್ಬರೂ ಬಂದರು. ಹೊರಡೋಣ ಎಂದರು. ಮುದುಕಿ ಅವರಿಗೆ "ಬಾಯಿ ಮುಚ್ಚಿಕೊಂಡು ಕುಂಡ್ರಿ" ಎಂದಳು. ನರ್ಸು ಕಾದಳು. ಏನೋ ಹೇಳಬೇಕೆಂದು ಆಕೆಯ ನಾಲಿಗೆ ಎರಡು ಸಲ ಎದ್ದಿತು. ಎರಡು ಸಲವೂ ತಡೆದಳು.

ಕೊನೆಗೆ ಅವನು ಹೇಳಿದ. "ಉಣ್ಣಾಕ ಬರೂದಿಲ್ರೆವ್ವಾ. ಕುಡಿಯಾಕ ಬರತೈತಿ. ನಮ್ಮಪ್ಪ ಬ್ಯಾಸಿಗ್ಯಾಗ ಅಂಬಲಿ ಕುಡೀತಿದ್ದ. ಹುಟ್ಟು ಕೈಯಾಗ ಹಿಡಿದ ಕುಡೀತಿದ್ದ. ಅದಕ್ಕ ಯಾರೂ ಏನೂ ಅಂದಿಲ್ಲ."

"ಅಂಬಲಿ ಆದ್ರ ಆತು. ಯಾವಾಗ ಕುಡೀತಿ?"

"ಮುಂಜಾನೆ ಹರಗೋಲ ನೀರಿಗೆ ಬಿಡೂ ಮುಂದ ಒಂದ ಚರಗಿ. ಹೊತ್ತು ನೆತ್ತಿಗೆ ಬಂದಾಗ ಈ ದಂಡ್ಯಾಗ ಒಂದ ಚರಗಿ. ರಾತ್ರಿ ಹೆಂಗೂ ಊಟ ಐತಿ."

"ಗುಳಿಗಿ?"

"ಅಂಬಲಿ ಕುಡದ ಮ್ಯಾಲ ಒಂದು. ಮತ್ತ ಅಂಬಲಿ ಕುಡದ ಮ್ಯಾಲ ಒಂದು. ಊಟ ಆದ ಮ್ಯಾಲ ಒಂದು." ಅವನು ನಿಲ್ಲಿಸಿದ. "ಹಂಗಾರ ಮೊದಲಿಂದ ಮೂರು ನುಂಗಬೇಕಾಗಿತ್ತೇನ್ರಿ?"

"ಹೂಂ" ಎಂದಳು ನರ್ಸು. ಆ ಸಲ ಹೂಂ ಎಂದದ್ದು ಆಕೆ.

ಹಾಗೆಂದು ಅಷ್ಟಕ್ಕೇ ಬಿಡಲಿಲ್ಲ. ಪೊಟ್ಟಣ ಅವನ ಕೈಗೆ ಕೊಟ್ಟು, ನಾಳೆಯ ದಿನ ಏನೇನು ಮಾಡುತ್ತೀ, ಎದ್ದಾಗಿನಿಂದ ಹೇಳು ಎಂದಳು. ಅವನು ಹೇಳಿದ. ಮುಖ ತೊಳೆಯುವುದರಿಂದ ಹಿಡಿದು ಹರಿಗೋಲು ಕಟ್ಟುವ ತನಕ ಹೇಳಿದ. ಗುಳಿಗೆಗಳು ಅವನ ದಿನದೊಳಗೆ ಎಲ್ಲೆಲ್ಲಿ ಬರುತ್ತವೆ ಎಂದು ಆಕೆ ಅವನ ಬಾಯಿಂದಲೇ ಕೇಳಿದಳು.

"ಗದ್ದಲದಾಗ ಮರತ್ರ?" ಎಂದಳು.

ಅದಕ್ಕೆ ಮುದುಕಿ ಉತ್ತರ ಕೊಟ್ಟಳು. "ಹೆಂಗ ಮರೀತಾನ? ದಿನಾ ಈ ಹೊತ್ತಿಗೆ ನಾ ದಾಟ್ತೀನಿ. ಇವ ಗುಳಿಗಿ ನುಂಗೂದು ಕಣ್ಣಾರೆ ಕಾಣೂತನ ಹರಗೋಲಕ್ಕ ಕಾಲಿಡೂದಿಲ್ಲ. ಅಂಬಲಿ ನಮ್ಮ ಮನ್ಯಾಂದ ತರ್ತೀನಿ. ಇವನ ಹೆಂಡತಿ ಅಂಬಲ್ಯಾಗ ನೀರ ಹೆಚ್ಚು."

ಅಂಬಿಗ ನಕ್ಕ. ಆ ಹತ್ತು ದಿನದಲ್ಲಿ ಅದೇ ಮೊದಲು.

ಆಕೆ ಆಗಲೇ ಒಂದು ಗುಳಿಗೆ ನುಂಗಿಸಿದಳು. ಮುದುಕಿ ತನ್ನ ಮೊಮ್ಮಗಳಿಗೆಂದು ಒಯ್ಯುತ್ತಿದ್ದ ಮಜ್ಜಿಗೆಯನ್ನು ಅವನ ಬಾಯಿಗೆ ಹೊಯ್ದಳು. ಆಮೇಲೆ ಹರಿಗೋಲು ಹೊರಟಿತು.

ಮರುದಿನ ಕೆಂಪು ಅಲ್ಲೇ ನಿಂತಿತು. ಅದರ ಮರುದಿನ ಒಂದು ಬೆರಳು ಇಳಿಯಿತು. ವಾರದ ಹೊತ್ತಿಗೆ ಡಾಕ್ಟರ ಗೆರೆಯ ಕೆಳಗೆ ಬಂತು. ಇಪ್ಪತ್ತು ದಿನಕ್ಕೆ ಅಂಗೈ ಕೂಡಿಕೊಂಡಿತು. ಉಂಗುರದ ಬೆರಳು ಮಾತ್ರ ಆಮೇಲೆ ಮಡಚಲಿಲ್ಲ. ಹುಟ್ಟು ಹಿಡಿಯಲು ಉಳಿದ ನಾಲ್ಕು ಸಾಕಾದವು.

ಅಕ್ಕೋರು ಕತೆ ಮುಗಿಸಿದರು. ಪಟ್ಟಿಯೂ ಮುಗಿದಿತ್ತು. ಕೊನೆಯ ಸುರುಳಿಯನ್ನು ಬುಟ್ಟಿಗೆ ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡರು.

ನನಗೆ ಕತೆ ತಿಳಿಯಿತು. ತಿಳಿದದ್ದನ್ನು ಒಪ್ಪಲು ಮನಸ್ಸು ಬರಲಿಲ್ಲ. ಎಲ್ಲಿಯಾದರೂ ಒಂದು ಸಂದು ಸಿಕ್ಕೀತೇ ಎಂದು ಹುಡುಕಿದೆ. ಸಿಕ್ಕಿತು ಎನ್ನಿಸಿತು.

"ಆ ನರ್ಸಮ್ಮನ ದೈವ ಚೊಲೋ ಇತ್ತು ಬಿಡ್ರಿ ಅಕ್ಕೋರ" ಎಂದೆ. "ಅವತ್ತು ಆಕೀಗೆ ಹೊಳಿ ದಾಟೂ ಕೆಲಸ ಬಂತು. ಅದಕ್ಕ ಗೊತ್ತಾತು. ಬರದಿದ್ರ ಅವನ ತೋಳು ಹೋಗೇ ಹೋಗ್ತಿತ್ತು. ಆಸ್ಪತ್ರ್ಯಾಗ ಕುಂತಾವ್ರಿಗೆಲ್ಲಾ ಹಂಗ ಹೊಳಿ ದಾಟೂ ಕೆಲಸ ಬರತೈತೇನ್ರಿ?"

ಅಕ್ಕೋರು ಬುಟ್ಟಿ ಎತ್ತಿ ನನ್ನ ಮಡಿಲಲ್ಲಿ ಇಟ್ಟರು.

"ಸುಣ್ಣದ ಭಟ್ಟಿಗೆ ಹೋಗಾಕ ನಡುವ ಹೊಳಿ ಇಲ್ಲ, ಯಮನೂರಾ."

ಅವರು ಎದ್ದು ಒಳಗೆ ಹೋದರು. ಮಂಚಗಳ ನಡುವೆ ಅವರ ಚಪ್ಪಲಿಯ ಸದ್ದು ಒಂದೊಂದು ಕಡೆ ನಿಲ್ಲುತ್ತ ಹೋಯಿತು.

ಸ್ವಲ್ಪ ಹೊತ್ತಿನ ಮೇಲೆ ನಾನು ನನ್ನ ಮೂಲೆಗೆ ಹೋಗಿ ಗೂಟದ ಮೇಲಿನ ಚೀಲ ಇಳಿಸಿದೆ. ಎಂಟು ಸುರುಳಿ ಪಟ್ಟಿ ಹಾಕಿದೆ. ಮುಲಾಮಿನ ಡಬ್ಬಿ, ಕತ್ತರಿ, 'ಗಾಯ ತೊಳೆಯುವ ನೀರು' ಎಂದು ಅಕ್ಕೋರೇ ಚೀಟಿ ಅಂಟಿಸಿದ ಎರಡು ಸೀಸೆ. ಭಟ್ಟಿ ಹನ್ನೊಂದು ಮೈಲಿ; ಹುಲಿಗೆವ್ವ ಸುಟ್ಟ ಕಾಲಿನಲ್ಲಿ ಬಂದದ್ದೂ ಅಷ್ಟೇ ದೂರ. ಹುಲಿಗೆವ್ವ ನನ್ನನ್ನು ಕಂಡು ಗುಡಿಸಲಿನ ತಟ್ಟಿ ಬಾಗಿಲು ಎಳೆದುಕೊಂಡರೆ ಹೊರಗೆ ಕೂರಬೇಕಾಗುತ್ತದೆ. ಎಷ್ಟು ದಿನವೋ ತಿಳಿಯದು. ಎರಡು ಅಂಗಿ, ಒಂದು ಲುಂಗಿ ಮಡಚಿ ಮೇಲಿಟ್ಟೆ.

ಅಡಿಗೆಯ ಶಂಕ್ರವ್ವ ಬಾಗಿಲಲ್ಲಿ ನಿಂತು ನೋಡಿದಳು. "ಹೊಂಟ್ಯಾ? ನನಗ ಗೊತ್ತಿತ್ತು, ನೀ ವರ್ಷ ತುಂಬಾವಲ್ಲ" ಎಂದಳು.

ನಾನು ಚೀಲದ ಬಾಯಿಗೆ ಹಗ್ಗ ಬಿಗಿಯತೊಡಗಿದೆ.